ಖಡಕ್ ರೊಟ್ಟಿ ಆನ್‌ಲೈನ್ ಮಾರಾಟಕ್ಕೆ ಯಾವ ಪೇಮೆಂಟ್ ಗೇಟ್‌ವೇ? ಕಲಬುರಗಿಯಿಂದ ಕೇಳುತ್ತಿದ್ದೇನೆ

ಬ್ರಹ್ಮಪುರ ರೊಟ್ಟಿ:

ಎಲ್ಲರಿಗೂ ನಮಸ್ಕಾರ. ಬ್ರಹ್ಮಪುರದಲ್ಲಿ ಮನೆಯಲ್ಲೇ ನಡೆಯುವ ಸಣ್ಣ ವ್ಯಾಪಾರ ನಮ್ಮದು. ಅವ್ವ, ಕಾಕು, ಓಣಿಯ ನಾಲ್ಕು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಾರೆ. ಫೋನು, ಪಾರ್ಸೆಲ್, ಲೆಕ್ಕ ನನ್ನದು. ಜೋಳದ ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ಚಟ್ನಿ ಪುಡಿ) ಮಾಡುತ್ತೇವೆ. ಈಗೀಗ ಗಂಜ್‌ನಿಂದ ತೊಗರಿ ಬೇಳೆ ತಂದು ಒಂದೊಂದು ಕೆಜಿ ಪ್ಯಾಕೆಟ್ ಕೂಡ ಕಟ್ಟುತ್ತಿದ್ದೇವೆ. ಗಿರಾಕಿಗಳು ಹೆಚ್ಚಾಗಿ ಊರು ಬಿಟ್ಟು ಹೋದ ನಮ್ಮವರೇ. ಬೆಂಗಳೂರು, ಪುಣೆ, ಹೈದರಾಬಾದ್. ತಿಂಗಳಿಗೆ 120-130 ಆರ್ಡರ್, ಒಂದೊಂದು ಸುಮಾರು 800 ರೂಪಾಯಿ. ಎಳ್ಳಮಾವಾಸ್ಯೆ, ದೀಪಾವಳಿ ಬಂದರೆ ಇದರ ಎರಡು ಪಟ್ಟು.

ಇಲ್ಲಿವರೆಗೆ ಎಲ್ಲ ವಾಟ್ಸಾಪ್ ಮೇಲೆ ನಡೆದಿದೆ. ಗಿರಾಕಿ ಆರ್ಡರ್ ಬರೆಯುತ್ತಾರೆ, ನಾನು ಅವ್ವನ ಖಾತೆಯ ಕ್ಯೂಆರ್ ಕಳಿಸುತ್ತೇನೆ, ಅವರು ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಹೋದ ದೀಪಾವಳಿಯಲ್ಲಿ ಒಂದೇ ದಿನ 31 ಪಾರ್ಸೆಲ್ ಕಟ್ಟಿದೆವು. ಅದರಲ್ಲಿ ಒಂದು 2,400 ರೂಪಾಯಿಯದು. ಸ್ಕ್ರೀನ್‌ಶಾಟ್‌ನಲ್ಲಿ ಹಸಿರು ಟಿಕ್ ಇತ್ತು, ಅವ್ವನ ಹೆಸರಿತ್ತು, ಹೊತ್ತೂ ಸರಿ ಇತ್ತು. ರಾತ್ರಿ ಕೂತು ತಾಳೆ ಹಾಕಿದರೆ ಖಾತೆಗೆ ಆ ದುಡ್ಡು ಬಂದೇ ಇಲ್ಲ. ಆಮೇಲೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಯುಟಿಆರ್, ಅಂದರೆ ಆ ಪಾವತಿಯ ಗುರುತಿನ ನಂಬರಿನಲ್ಲಿ 11 ಅಂಕಿ ಇದ್ದವು. ಇರಬೇಕಾದದ್ದು 12. ಅಷ್ಟರಲ್ಲಿ ಪಾರ್ಸೆಲ್ ಊರು ದಾಟಿತ್ತು, ಆ ನಂಬರ್ ಸ್ವಿಚ್ ಆಫ್. ಕಾಕು ಮಾತ್ರ "ಹೋಗಲಿ ಬಿಡು, ಉಂಡವರಾದರೂ ನಮ್ಮ ರೊಟ್ಟಿ ಉಂಡರಲ್ಲ" ಅಂದರು.

ಹಾಗಾಗಿ ಈಗ ಸರಿಯಾದ ಗೇಟ್‌ವೇ, ಅಂದರೆ ಗಿರಾಕಿಯ ದುಡ್ಡನ್ನು ಆನ್‌ಲೈನ್‌ನಲ್ಲಿ ತಗೊಂಡು ನಮ್ಮ ಖಾತೆಗೆ ಮುಟ್ಟಿಸುವ ಸೇವೆ ತಗೊಳ್ಳೋಣ ಅಂತ. ನಮ್ಮ ಮಾಮನ ಮಗ ಒಂದು ಸಾದಾ ವೆಬ್‌ಸೈಟ್ ಮಾಡಿಕೊಡುತ್ತಿದ್ದಾನೆ, ಇನ್ನೂ ಮುಗಿದಿಲ್ಲ. ಮೂರು ಕಂಪನಿಗಳ ಸೇಲ್ಸ್‌ನವರ ಜೊತೆ ಮಾತಾಡಿದೆ. ಪ್ರತಿ ಪಾವತಿಯಲ್ಲಿ ಕಟ್ ಮಾಡುವ ಫೀ ಒಬ್ಬರು 2 ಪರ್ಸೆಂಟ್ ಅಂದರು, ಇನ್ನೊಬ್ಬರು 1.95, ಮತ್ತೊಬ್ಬರು "ಸರ್, ನಿಮಗೋಸ್ಕರ 1.75" ಅಂದರು. ನಾನು ಸರ್ ಅಲ್ಲ, ಅದು ಬೇರೆ ಮಾತು. ಯಾವುದು ಒಳ್ಳೆಯದು? ಯುಪಿಐಗೆ ಚಾರ್ಜ್ ಇಲ್ಲ ಅಂತಾರಲ್ಲ, ಗೇಟ್‌ವೇಯಲ್ಲೂ ಇರೋದಿಲ್ವಾ? ಜಿಎಸ್‌ಟಿ ನಂಬರ್ ಇಲ್ಲದೆ ಕೊಡುತ್ತಾರಾ? 2025ರ ಜುಲೈನಲ್ಲಿ ತೆರಿಗೆ ನೋಟಿಸ್ ಗಲಾಟೆ ಆದಾಗಿನಿಂದ ಅವ್ವನಿಗೆ ಬೇರೆ ಹೆದರಿಕೆ, ಕ್ಯೂಆರೇ ಬೇಡ ಅನ್ನುತ್ತಾರೆ.


ಆಳಂದದ ಕೋಡರ್:

ನಾನು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಅಂದರೆ ಸಣ್ಣ ಅಂಗಡಿಗಳ ವೆಬ್‌ಸೈಟಿಗೆ ಗೇಟ್‌ವೇ ಜೋಡಿಸೋದು. ರೇಜರ್‌ಪೇ, ಕ್ಯಾಶ್‌ಫ್ರೀ, ಪೇಯು, ಸಿಸಿಅವೆನ್ಯೂ, ಫೋನ್‌ಪೇ ಗೇಟ್‌ವೇ, ಇವುಗಳಲ್ಲಿ ಯಾವುದು ತಗೊಂಡರೂ ನಿಮ್ಮ ಸೈಜಿಗೆ ಕೆಲಸ ನಡೆಯುತ್ತದೆ. ವರ್ಡ್‌ಪ್ರೆಸ್ ಸೈಟ್ ಆದರೆ ಎಲ್ಲರದ್ದೂ ರೆಡಿ ಪ್ಲಗಿನ್ ಇದೆ, ಅರ್ಧ ದಿನದ ಕೆಲಸ. ಕಾರ್ಡ್ ನಂಬರ್ ನಿಮ್ಮ ಹತ್ತಿರ ಇಟ್ಟುಕೊಳ್ಳುವ ತಲೆನೋವೇ ಇಲ್ಲ, 2022ರ ಅಕ್ಟೋಬರ್‌ನಿಂದ ಅಂಗಡಿಯವರು ಅದನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ.

ಮೊದಲು ನೋಡಬೇಕಾದದ್ದು ಒಂದೇ. ಆ ಕಂಪನಿಗೆ ಪೇಮೆಂಟ್ ಅಗ್ರಿಗೇಟರ್, ಅಂದರೆ ವ್ಯಾಪಾರಿಗಳ ಪರವಾಗಿ ಗಿರಾಕಿಯ ದುಡ್ಡು ತಗೊಳ್ಳುವ ಕಂಪನಿ ಅಂತ ಆರ್‌ಬಿಐ ಅನುಮತಿ ಇದೆಯಾ? ಆರ್‌ಬಿಐ ವೆಬ್‌ಸೈಟಿನಲ್ಲೇ ಪಟ್ಟಿ ಇದೆ. 2020ರ ಮಾರ್ಚ್‌ನಲ್ಲಿ ನಿಯಮ ಬಂತು. ಅದರ ಪ್ರಕಾರ ನಿಮ್ಮ ಗಿರಾಕಿ ಕೊಟ್ಟ ದುಡ್ಡನ್ನು ಕಂಪನಿ ತನ್ನ ಜೇಬಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ (ಗಿರಾಕಿಗಳ ದುಡ್ಡಿಗೆ ಅಂತಲೇ ಬೇರೆ ಇಡುವ ಖಾತೆ) ಇರಬೇಕು. ಪಟ್ಟಿಯಲ್ಲಿ ಇಲ್ಲದ ಹೆಸರು ಯಾರಾದರೂ ಹೇಳಿದರೆ, ಎಷ್ಟೇ ಕಡಿಮೆ ರೇಟ್ ಕೊಟ್ಟರೂ ಬೇಡ.

ಮಾಮನ ಮಗನಿಗೆ ಹೇಳಿ: ಸೈಟಿನಲ್ಲಿ ರಿಫಂಡ್ ಪಾಲಿಸಿ, ಶಿಪ್ಪಿಂಗ್ ಪಾಲಿಸಿ, ಪ್ರೈವಸಿ, ಷರತ್ತುಗಳು, ಸಂಪರ್ಕದ ವಿಳಾಸ ಇಷ್ಟು ಪುಟ ಇರಲೇಬೇಕು. ಇಲ್ಲದಿದ್ದರೆ ಕೆವೈಸಿ (ನಿಮ್ಮ ಗುರುತು, ವಿಳಾಸದ ಪರಿಶೀಲನೆ) ಮುಂದಕ್ಕೇ ಹೋಗೋದಿಲ್ಲ. ಬೇರೆ ಸೈಟಿನಿಂದ ಕಾಪಿ ಹೊಡೆದು ಹಾಕಬೇಡಿ. ನಾನೇ ನೋಡಿದ್ದೇನೆ, ಒಂದು ಉಪ್ಪಿನಕಾಯಿ ಅಂಗಡಿಯ ಪುಟದಲ್ಲಿ "ಶೂ ಸೈಜ್ ಸರಿಯಾಗದಿದ್ದರೆ 7 ದಿನದಲ್ಲಿ ವಾಪಸ್" ಅಂತ ಇತ್ತು.


ಲೆಕ್ಕದ ಪುಸ್ತಕ:

ಸೂಪರ್ ಮಾರ್ಕೆಟ್ ಹತ್ತಿರ ಅಕೌಂಟ್ಸ್ ಬರೆಯುವವನು ನಾನು. 1.75 ಮತ್ತು 2ರ ಜಗಳ ಬಿಡಿ, ಕಾಗದದ ಮೇಲೆ ಲೆಕ್ಕ ಹಾಕೋಣ.

ನಿಮ್ಮ ತಿಂಗಳ ಮಾರಾಟ ಹತ್ತಿರ ಹತ್ತಿರ 1 ಲಕ್ಷ. ನಿಮ್ಮಂಥ ವ್ಯಾಪಾರದಲ್ಲಿ ಜನ ಹೆಚ್ಚಾಗಿ ಯುಪಿಐ ಮಾಡುತ್ತಾರೆ. ಕಾರ್ಡಿನಲ್ಲಿ 12 ಸಾವಿರ ಬರುತ್ತದೆ ಅಂತ ಇಟ್ಟುಕೊಳ್ಳಿ. 2 ಪರ್ಸೆಂಟ್ ಆದರೆ 240, 1.75 ಆದರೆ 210. ವ್ಯತ್ಯಾಸ 30 ರೂಪಾಯಿ. ತಿಂಗಳಿಗೆ! ಆ ಸೇಲ್ಸ್‌ನವರ ಜೊತೆ ಫೋನಿನಲ್ಲಿ ಕಳೆದ ಹೊತ್ತಿಗೆ ಇದಕ್ಕಿಂತ ಜಾಸ್ತಿ ಬೆಲೆ ಇದೆ.

ಅಸಲಿ ಪ್ರಶ್ನೆ ಉಳಿದ 88 ಸಾವಿರದ್ದು. ಯುಪಿಐ ಮತ್ತು ರೂಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಎಂಡಿಆರ್ (ಪಾವತಿ ಮೇಲೆ ಬ್ಯಾಂಕಿನವರು ವ್ಯಾಪಾರಿಯಿಂದ ಕಟ್ ಮಾಡುವ ಚಾರ್ಜ್) ಸೊನ್ನೆ, ಅದು ನಿಜ. ಆದರೆ ಎಂಡಿಆರ್ ಬೇರೆ, ಗೇಟ್‌ವೇಯವರು ತಮ್ಮ ಸೇವೆಗೆ ಹಾಕುವ ಪ್ಲಾಟ್‌ಫಾರ್ಮ್ ಫೀ ಬೇರೆ. ಕೆಲವರು ಯುಪಿಐ ಮೇಲೂ ಅದೇ 2 ಪರ್ಸೆಂಟ್ ಹಾಕುತ್ತಾರೆ, ಕೆಲವರು ಹಾಕೋದಿಲ್ಲ, ಕೆಲವರು ಮೊದಲ ಕೆಲವು ತಿಂಗಳು ಬಿಟ್ಟು ಆಮೇಲೆ ಶುರು ಮಾಡುತ್ತಾರೆ. 88 ಸಾವಿರಕ್ಕೆ 2 ಪರ್ಸೆಂಟ್ ಅಂದರೆ 1,760. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 2,076 ರೂಪಾಯಿ 80 ಪೈಸೆ. ಒಂದು ಕಡೆ 30 ರೂಪಾಯಿ, ಇನ್ನೊಂದು ಕಡೆ ಎರಡು ಸಾವಿರ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ, "ಯುಪಿಐಗೆ ಎಷ್ಟು, ಯಾವತ್ತಿನವರೆಗೆ" ಅಂತ ಮೇಲ್ ಹಾಕಿ, ಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. 2,000 ರೂಪಾಯಿವರೆಗಿನ ಕಾರ್ಡ್ ಪೇಮೆಂಟ್ ಆದರೆ ಆ ಫೀ ಮೇಲೆ ಜಿಎಸ್‌ಟಿ ವಿನಾಯಿತಿ ಇದೆ. ಆರ್‌ಬಿಐ ಅನುಮತಿ ಇರುವ ಅಗ್ರಿಗೇಟರ್‌ಗಳಿಗೂ ಅದು ಸಿಗುತ್ತದೆ ಅಂತ 2024ರ ಡಿಸೆಂಬರ್‌ನ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ಸ್ಪಷ್ಟ ಮಾಡಿದರು. ಬಿಲ್ ಬಂದಾಗ ತಾಳೆ ಹಾಕಿ ನೋಡಿ, ಸುಮ್ನೆ ಕೊಟ್ಟುಬಿಡಬೇಡಿ.

ಈಗ ಅವ್ವನ ಹೆದರಿಕೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವರು ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ನಮ್ಮ ಮಾರ್ಕೆಟ್‌ನಲ್ಲೂ ಎಷ್ಟೋ ಜನ ಕ್ಯೂಆರ್ ಕಿತ್ತು "ಓನ್ಲಿ ಕ್ಯಾಶ್" ಅಂತ ಬರೆದು ಅಂಟಿಸಿದ್ದರು. ಕ್ಯೂಆರ್ ಕಿತ್ತರೆ ತೆರಿಗೆ ಹೋಗುತ್ತದಾ? ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ರಿಜಿಸ್ಟ್ರೇಷನ್ ಬೇಕು, ದುಡ್ಡು ಹೇಗೇ ಬಂದಿರಲಿ. ನಿಮ್ಮದು 12-13 ಲಕ್ಷ, ಆ ಲೆಕ್ಕದಲ್ಲಿ ನೀವು ಬಹಳ ಕೆಳಗಿದ್ದೀರಿ. ಆದರೆ ನಿಮ್ಮ ಸಮಸ್ಯೆ ಅದಲ್ಲ. ನೀವು ಪುಣೆಗೆ, ಹೈದರಾಬಾದಿಗೆ ಕಳಿಸುತ್ತೀರಿ. ತೆರಿಗೆ ಇರುವ ಸರಕು ಹೊರ ರಾಜ್ಯಕ್ಕೆ ಹೋದರೆ ಈ 40 ಲಕ್ಷದ ಮಿತಿ ನಡೆಯೋದಿಲ್ಲ, ಮೊದಲ ರೂಪಾಯಿಗೇ ರಿಜಿಸ್ಟ್ರೇಷನ್ ಬೇಕು. ರೊಟ್ಟಿ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆ ಆಗಿದೆ. ಹಿಂಡಿ ಮಾತ್ರ ಚಟ್ನಿ ಪುಡಿ ಲೆಕ್ಕಕ್ಕೆ ಬರುತ್ತದೆ, 5 ಪರ್ಸೆಂಟ್. ಲೇಬಲ್ ಹಚ್ಚಿ ಪ್ಯಾಕ್ ಮಾಡಿದ ಬೇಳೆಗೂ 5. ಹಾಗಾಗಿ ನಂಬರ್ ಮಾಡಿಸಿಬಿಡಿ. ಕಂಪೋಸಿಷನ್ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ ಸ್ಕೀಮ್) ತಗೊಳ್ಳಿ ಅಂತ ಯಾರಾದರೂ ಹೇಳಿದರೆ ಬೇಡ, ಅದರಲ್ಲಿ ಹೊರ ರಾಜ್ಯಕ್ಕೆ ಮಾರುವ ಹಾಗಿಲ್ಲ. ರೆಗ್ಯುಲರ್ ಇದ್ದರೆ ತೆರಿಗೆ ಇರುವ ಸರಕಿನ ಮಟ್ಟಿಗೆ ಗೇಟ್‌ವೇ ಫೀ ಮೇಲಿನ ಆ 18 ಪರ್ಸೆಂಟನ್ನೂ ಕ್ರೆಡಿಟ್ ತಗೊಳ್ಳಬಹುದು, ಅಂದರೆ ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು.


ಯೂನಿಫಾರ್ಮ್ ಅಂಗಡಿ:

ಲೆಕ್ಕದವರು ಹೇಳಿದ್ದು ಸರಿ, ಆದರೆ ಎಷ್ಟು ಕಟ್ ಆಗುತ್ತದೆ ಅನ್ನುವುದಕ್ಕಿಂತ ಯಾವಾಗ ಸಿಗುತ್ತದೆ ಅನ್ನುವುದೇ ನನಗೆ ದೊಡ್ಡದಾಯಿತು.

ಜೇವರ್ಗಿ ರೋಡಿನಲ್ಲಿ ಶಾಲೆ ಯೂನಿಫಾರ್ಮ್ ಅಂಗಡಿ ನಮ್ಮದು. ಎರಡು ವರ್ಷದ ಹಿಂದೆ ಒಂದು ಗೇಟ್‌ವೇ ತಗೊಂಡೆ, ಹೆಸರು ಬೇಡ. ಪಾಲಕರು ಸೈಟಿನಲ್ಲೇ ಅಳತೆ ಹಾಕಿ ದುಡ್ಡು ಕಟ್ಟುತ್ತಿದ್ದರು. ಚಳಿಗಾಲದಲ್ಲಿ ತಿಂಗಳಿಗೆ 40 ಸಾವಿರ ಬರುತ್ತಿತ್ತು, ಎರಡು ದಿನಕ್ಕೆ ಖಾತೆಗೆ ಜಮಾ, ಏನೂ ತೊಂದರೆ ಇಲ್ಲ. ಮೇ ಕೊನೆ ವಾರ ಶಾಲೆ ಶುರು ಆಗುವ ಹೊತ್ತಿಗೆ ಹತ್ತೇ ದಿನದಲ್ಲಿ 3 ಲಕ್ಷ 40 ಸಾವಿರ ಬಂತು. ನಾನು ಖುಷಿಯಲ್ಲಿದ್ದೆ. ಅವರಿಗೆ ಅನುಮಾನ ಬಂತು. ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ಗೇಟ್‌ವೇ ಸೈಟಿನ ನಮ್ಮ ಲೆಕ್ಕದ ಪುಟದಲ್ಲಿ, ಒಂದು ಹಳದಿ ಪಟ್ಟಿ, "ನಿಮ್ಮ ಸೆಟಲ್‌ಮೆಂಟ್ ಪರಿಶೀಲನೆಯಲ್ಲಿದೆ". ಸೆಟಲ್‌ಮೆಂಟ್ ಅಂದರೆ ಬಂದ ದುಡ್ಡು ನಮ್ಮ ಖಾತೆಗೆ ಹಾಕೋದು. ಅಷ್ಟೇ. ಫೋನ್ ನಂಬರ್ ಇಲ್ಲ, ಚಾಟ್‌ನಲ್ಲಿ ಒಂದು ಬಾಟ್ ಇತ್ತು. ನಾನು "ದರ್ಜಿಗಳಿಗೆ ಪಗಾರ ಕೊಡಬೇಕು" ಅಂತ ಟೈಪ್ ಮಾಡಿದರೆ ಅದು "ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ" ಅಂತ ಕೇಳಿತು.

ಹನ್ನೊಂದು ದಿನ. ಸೋಲಾಪುರದ ಬಟ್ಟೆ ವ್ಯಾಪಾರಿಗೆ ಕೊಡಬೇಕಾದ ದುಡ್ಡಿಗೆ ಮನೆಯವಳ ಬಳೆ ಒತ್ತೆ ಇಟ್ಟೆ, ಸುಳ್ಳಲ್ಲ. ಕೊನೆಗೆ ಅವರ ವೆಬ್‌ಸೈಟಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ನೋಡಲ್ ಅಧಿಕಾರಿಯ (ದೂರು ನೋಡುವವರು) ಮೇಲ್ ಸಿಕ್ಕಿತು. ಅದನ್ನು ಹಾಕಲೇಬೇಕು ಅಂತ ಆರ್‌ಬಿಐ ನಿಯಮ ಇದೆಯಂತೆ. ಅದಕ್ಕೆ ಬಟ್ಟೆ ಖರೀದಿ ಬಿಲ್, ಇಪ್ಪತ್ತು ಗಿರಾಕಿಗಳ ಇನ್ವಾಯ್ಸ್, ಎರಡು ಶಾಲೆಗಳ ಪತ್ರ ಸೇರಿಸಿ ಕಳಿಸಿದೆ. ಮೂರನೇ ದಿನ ದುಡ್ಡು ಬಿತ್ತು. ತಪ್ಪು ನನ್ನದೂ ಸ್ವಲ್ಪ ಇತ್ತು. ಅಕೌಂಟ್ ತೆರೆಯುವಾಗ ತಿಂಗಳ ಅಂದಾಜು ವ್ಯವಹಾರ ಅಂತ ಕೇಳಿದ್ದರು, ನಾನು 50 ಸಾವಿರ ಅಂತ ಬರೆದಿದ್ದೆ. ಸೀಸನ್ ಬಗ್ಗೆ ಹೇಳೇ ಇರಲಿಲ್ಲ.

ಹಾಗಾಗಿ ತಂಗಿ, ಎಳ್ಳಮಾವಾಸ್ಯೆಗೆ ಎರಡು ಪಟ್ಟು ಆಗುತ್ತದೆ ಅಂತ ಇಲ್ಲಿ ಬರೆದೆಯಲ್ಲ, ಅದನ್ನೇ ಅವರಿಗೂ ಬರೆದು ಕಳಿಸು. ಮೊದಲೇ. ಮತ್ತೆ ಸೈನ್ ಮಾಡುವ ಮೊದಲು ಅವರ ಸಹಾಯವಾಣಿಗೆ ಒಂದು ಶನಿವಾರ ಮಧ್ಯಾಹ್ನ ಫೋನ್ ಮಾಡಿ ನೋಡು. ಮನುಷ್ಯರು ಎತ್ತುತ್ತಾರಾ ಅಂತ.


ಆಳಂದದ ಕೋಡರ್:

ಅಣ್ಣಾ, ಸೆಟಲ್‌ಮೆಂಟ್ ತಡೆಯುವುದು ಎಲ್ಲ ಕಂಪನಿಯಲ್ಲೂ ಆಗುತ್ತದೆ. ಮೋಸ ತಡೆಯೋಕೆ ಅವರಿಗೆ ಬೇರೆ ದಾರಿ ಇಲ್ಲ. ಒಬ್ಬರ ಕಥೆ ಕೇಳಿ ಗೇಟ್‌ವೇಗೆ ಹೆದರಿಸಬೇಡಿ.


ಯೂನಿಫಾರ್ಮ್ ಅಂಗಡಿ:

ಹೆದರಿಸುತ್ತಿಲ್ಲಪ್ಪಾ. ತಡೆಯಲಿ. ತಡೆದಾಗ ಯಾಕೆ ಅಂತ ಹೇಳುವ ಒಬ್ಬ ಮನುಷ್ಯ ಬೇಕು ಅಂದೆ, ಅಷ್ಟೇ. ನಿನ್ನ ಸಂಬಳ ಹನ್ನೊಂದು ದಿನ ತಡೆದು ಬಾಟ್ ಕೈಗೆ ಕೊಟ್ಟರೆ ಗೊತ್ತಾಗುತ್ತೆ.


ಬೀದರ್ ಕುಸುರಿ:

ಬೀದರ್‌ನಿಂದ. ನಾವು ಬಿದ್ರಿ ಕೆಲಸದವರು, ಸತು-ತಾಮ್ರದ ಎರಕಕ್ಕೆ ಬೆಳ್ಳಿ ತಂತಿ ಬಡಿದು ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುವ ಕೆಲಸ. ನಮ್ಮ ಮಾಲು ಹೊರದೇಶಕ್ಕೂ ಹೋಗುತ್ತದೆ, ಆದ್ದರಿಂದ ನಮ್ಮ ಗೋಳು ಸ್ವಲ್ಪ ಬೇರೆ. ರೊಟ್ಟಿಯವರಿಗೂ ಮುಂದೆ ಅಮೆರಿಕದ ಆರ್ಡರ್ ಬರಬಹುದು, ಅಲ್ವಾ? ಅದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದು, ಹೊರದೇಶದ ಕಾರ್ಡ್ ತಾನಾಗಿ ಚಾಲೂ ಇರೋದಿಲ್ಲ. ಬೇರೆ ಅರ್ಜಿ ಹಾಕಬೇಕು, ಆಮದು-ರಫ್ತು ಕೋಡ್ ಕೇಳುತ್ತಾರೆ, ಫೀ 3 ಪರ್ಸೆಂಟ್ ಅಥವಾ ಅದರ ಮೇಲೆ. ಆರ್‌ಬಿಐ 2023ರ ಅಕ್ಟೋಬರ್‌ನಲ್ಲಿ ಗಡಿಯಾಚೆಯ ಪಾವತಿ ಮಾಡುವ ಅಗ್ರಿಗೇಟರ್‌ಗಳಿಗೆ ಬೇರೆಯೇ ನಿಯಮ ತಂದಿತ್ತು. ಹಾಗಾಗಿ ಒಳನಾಡಿಗೆ ಅನುಮತಿ ಇದ್ದ ಮಾತ್ರಕ್ಕೆ ಹೊರದೇಶಕ್ಕೂ ಇದೆ ಅಂದುಕೊಳ್ಳಬೇಡಿ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹೊರಗಿನಿಂದ ಬರುವ ದುಡ್ಡಿಗೆ ಮಾತ್ರ ಅದು. ಸ್ಟ್ರೈಪ್ ಹೊಸಬರನ್ನು 2024ರಿಂದ ಆಹ್ವಾನ ಇದ್ದರೆ ಮಾತ್ರ ಸೇರಿಸುತ್ತಿದೆ.

ಎರಡನೆಯದು ಚಾರ್ಜ್‌ಬ್ಯಾಕ್. ಈ ಪದ ನನಗೆ ಗೊತ್ತೇ ಇರಲಿಲ್ಲ. ಒಬ್ಬರು 22 ಸಾವಿರದ ಸುರಾಹಿ (ಹೂಜಿ) ತಗೊಂಡರು. ಅದರ ಬಳ್ಳಿ ಕೆತ್ತೋಕೆ ನಮ್ಮ ಅಪ್ಪನಿಗೆ ಹದಿನೆಂಟು ದಿನ ಹಿಡಿದಿತ್ತು. ಸಾಮಾನು ಮುಟ್ಟಿ ಒಂದೂವರೆ ತಿಂಗಳಾದ ಮೇಲೆ ಅವರು ತಮ್ಮ ಬ್ಯಾಂಕಿಗೆ "ನನಗೆ ಏನೂ ಬಂದಿಲ್ಲ" ಅಂತ ದೂರು ಕೊಟ್ಟರು. ಬ್ಯಾಂಕ್ ದುಡ್ಡು ವಾಪಸ್ ಎಳೆಯಿತು. ಗೇಟ್‌ವೇಯಿಂದ ನನಗೆ ಮೇಲ್ ಬಂತು, ಇಷ್ಟು ದಿನದಲ್ಲಿ ಪುರಾವೆ ಕೊಡಿ ಅಂತ. ಅದು ಸ್ಪ್ಯಾಮ್‌ಗೆ ಹೋಗಿ ಕೂತಿತ್ತು. ನಾನು ನೋಡಿದಾಗ ಗಡುವಿಗೆ ಒಂದೇ ದಿನ ಬಾಕಿ. ಕೊರಿಯರ್‌ನವರು ಸಹಿ ಇಲ್ಲದೆ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಸಹಿ ಇಲ್ಲ ಅಂದರೆ ಪುರಾವೆ ಇಲ್ಲ. ಸುರಾಹಿಯೂ ಹೋಯಿತು, ದುಡ್ಡೂ ಹೋಯಿತು.

ಆವತ್ತಿನಿಂದ 5 ಸಾವಿರದ ಮೇಲಿನ ಯಾವ ಮಾಲೂ ಸಹಿ ಇಲ್ಲದ ಡೆಲಿವರಿಗೆ ಕೊಡೋದಿಲ್ಲ. ಪ್ಯಾಕ್ ಮಾಡುವ ವಿಡಿಯೋ ಇಟ್ಟುಕೊಳ್ಳುತ್ತೇವೆ. ಗೇಟ್‌ವೇ ಮೇಲ್‌ಗೆ ಅಂತ ಬೇರೆ ಐಡಿ ಮಾಡಿ ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ನೋಡುವುದು ತಂಗಿಯ ಕೆಲಸ.

ರೊಟ್ಟಿಗೆ ಇದು ಇನ್ನೂ ಕಷ್ಟ ಅನಿಸುತ್ತದೆ. ಮುರಿದು ಪುಡಿಯಾಗಿ ಮುಟ್ಟಿದರೆ ಗಿರಾಕಿ ಹೇಳುವುದೂ ಸುಳ್ಳಲ್ಲವಲ್ಲ.


ಬ್ರಹ್ಮಪುರ ರೊಟ್ಟಿ:

ಅಯ್ಯೋ ಅದನ್ನೇ ಕೇಳಬೇಕು ಅಂದುಕೊಂಡಿದ್ದೆ. ಮಳೆಗಾಲದಲ್ಲಿ ಹತ್ತರಲ್ಲಿ ಒಂದು ಪಾರ್ಸೆಲ್ ಬಗ್ಗೆಯಾದರೂ ಫೋಟೋ ಬರುತ್ತದೆ, ಡಬ್ಬಿ ತುಂಬ ಚೂರು. ಈಗ ನಾನು ಅರ್ಧ ದುಡ್ಡು ಫೋನ್‌ಪೇಯಲ್ಲೇ ವಾಪಸ್ ಹಾಕಿಬಿಡುತ್ತೇನೆ, ಇಲ್ಲಾಂದ್ರೆ ಮುಂದಿನ ಆರ್ಡರಿನಲ್ಲಿ ಒಂದು ಕಟ್ಟು ಜಾಸ್ತಿ ಇಡುತ್ತೇನೆ. ಗೇಟ್‌ವೇ ಬಂದ ಮೇಲೆ ರಿಫಂಡ್ ಹೇಗೆ? ಕಟ್ ಆದ ಫೀ ವಾಪಸ್ ಸಿಗುತ್ತಾ?


ಲೆಕ್ಕದ ಪುಸ್ತಕ:

ಬಹುತೇಕ ಕಡೆ ಸಿಗೋದಿಲ್ಲ. 2,400ರ ಆರ್ಡರ್ ಕಾರ್ಡಿನಲ್ಲಿ ಬಂತು ಅಂತ ಇಟ್ಟುಕೊಳ್ಳಿ. 2 ಪರ್ಸೆಂಟ್ 48, ಜಿಎಸ್‌ಟಿ 8.64, ಒಟ್ಟು 56.64 ಕಟ್ ಆಗಿ ನಿಮಗೆ 2,343.36 ಬರುತ್ತದೆ. ಪೂರ್ತಿ ರಿಫಂಡ್ ಮಾಡಿದರೆ ಗಿರಾಕಿಗೆ 2,400 ಹೋಗಬೇಕು. ಆ 56.64 ನಿಮ್ಮ ಕೈಯಿಂದ, ರೊಟ್ಟಿಯೂ ನಿಮ್ಮ ಕೈಯಿಂದ. ಹಾಗಾಗಿ ನೀವು ಈಗ ಮಾಡುವ "ಮುಂದಿನ ಸಲ ಒಂದು ಕಟ್ಟು ಜಾಸ್ತಿ" ಅನ್ನುವುದೇ ಲಾಭ. ಅದನ್ನೇ ರಿಫಂಡ್ ಪಾಲಿಸಿಯಲ್ಲಿ ಬರೆಯಿಸಿ. ಮುಟ್ಟಿದ 24 ಗಂಟೆಯಲ್ಲಿ ಫೋಟೋ ಕಳಿಸಿದರೆ ಬದಲಿ ಕಳಿಸುತ್ತೇವೆ, ಎರಡು ಮೂರು ರೊಟ್ಟಿ ಮುರಿದಿದ್ದರೆ ಇಲ್ಲ, ಹೀಗೆ ನೇರವಾಗಿ. ನಾಳೆ ಚಾರ್ಜ್‌ಬ್ಯಾಕ್ ಬಂದರೆ ನೀವು ತೋರಿಸುವ ಮೊದಲ ಕಾಗದ ಅದೇ.

ಮತ್ತೆ ಒಂದು. ಗೇಟ್‌ವೇಯಲ್ಲಿ ಬಂದ ದುಡ್ಡನ್ನು ಫೋನ್‌ಪೇಯಲ್ಲಿ ವಾಪಸ್ ಹಾಕಬೇಡಿ. ಡ್ಯಾಶ್‌ಬೋರ್ಡಿನಿಂದಲೇ ರಿಫಂಡ್ ಒತ್ತಿ. ಇಲ್ಲದಿದ್ದರೆ ನೀವು ಕೊಟ್ಟಿದ್ದಕ್ಕೆ ದಾಖಲೆ ಇರೋದಿಲ್ಲ, ಅವರು ಬ್ಯಾಂಕಿನಲ್ಲೂ ಕೇಳಿ ಎರಡು ಸಲ ತಗೊಳ್ಳಬಹುದು. ಎಲ್ಲರೂ ಹಾಗಲ್ಲ, ಆದರೆ 11 ಅಂಕಿಯ ಯುಟಿಆರ್ ಕಳಿಸುವವರೂ ಇದ್ದಾರಲ್ಲ.


ಯಾದಗಿರಿ ಮೊಬೈಲ್ಸ್:

ಗೇಟ್‌ವೇ ತಗೊಳ್ಳಿ ಬಿಡಿ, ಆದರೆ ಮೊದಲು ಅವ್ವನ ಉಳಿತಾಯ ಖಾತೆಯಿಂದ ವ್ಯಾಪಾರವನ್ನು ಹೊರಗೆ ತನ್ನಿ. ಇವತ್ತೇ.

ಯಾದಗಿರಿ ಸ್ಟೇಷನ್ ಹತ್ತಿರ ನಮ್ಮ ಮೊಬೈಲ್ ಅಂಗಡಿ. ಒಬ್ಬ ಹುಡುಗ ಬಂದು 1,800 ರೂಪಾಯಿಯ ಇಯರ್‌ಫೋನ್ ತಗೊಂಡು ಸ್ಕ್ಯಾನ್ ಮಾಡಿ ಹೋದ. ದುಡ್ಡು ಬಂತು, ಯುಪಿಐ ಸೌಂಡ್ ಬಾಕ್ಸ್ ಕೂಗಿತು, ಮುಗಿಯಿತು ಅಂದುಕೊಂಡೆ. ಎರಡು ವಾರಕ್ಕೆ ನನ್ನ ಎಟಿಎಂ ಕೆಲಸ ಮಾಡುತ್ತಿಲ್ಲ. ಬ್ಯಾಂಕಿಗೆ ಹೋದರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ, ಖಾತೆ ಫ್ರೀಜ್. ಯಾರಿಗೋ ಮೋಸ ಮಾಡಿದ ದುಡ್ಡು ಮೂರು ನಾಲ್ಕು ಖಾತೆ ಸುತ್ತಿ ನನ್ನ 1,800ರಲ್ಲಿ ಬಂದು ಸೇರಿತ್ತು. ಅಂಗಡಿ ದುಡ್ಡು, ಮಗಳ ಫೀಸು, ಅಪ್ಪನ ಔಷಧದ ದುಡ್ಡು ಎಲ್ಲ ಅದೇ ಖಾತೆಯಲ್ಲಿ. ಸುಮಾರು ಒಂದು ತಿಂಗಳು ಓಡಾಡಿದೆ. ಕೊನೆಗೆ ನನ್ನನ್ನು ಉಳಿಸಿದ್ದು ಆ ದಿನದ ಬಿಲ್. ಬಿಲ್ ಪುಸ್ತಕದ ಪುಟ, ಇಯರ್‌ಫೋನ್ ಸೀರಿಯಲ್ ನಂಬರ್, ಸಿಸಿಟಿವಿ ಚಿತ್ರ ಸೇರಿಸಿ ಆ ಠಾಣೆಗೆ ಮೇಲ್ ಹಾಕಿದ ಮೇಲೆ 1,800ನ್ನು ಮಾತ್ರ ತಡೆದು ಉಳಿದದ್ದು ಬಿಟ್ಟರು.

ಅದಕ್ಕೇ ಹೇಳುತ್ತೇನೆ, ವ್ಯಾಪಾರಕ್ಕೆ ಅಂತ ಬೇರೆ ಕರೆಂಟ್ ಖಾತೆ. ಗೇಟ್‌ವೇ ಇದ್ದರೆ ಗಿರಾಕಿ ದುಡ್ಡು ನೇರವಾಗಿ ನಿಮ್ಮ ಖಾತೆಗೆ ಬರೋದಿಲ್ಲ, ಅವರ ಮೂಲಕ ಒಟ್ಟಾಗಿ ಬರುತ್ತದೆ, ಅದೊಂದು ಅನುಕೂಲ. ಮತ್ತೆ 80 ರೂಪಾಯಿಯ ಹಿಂಡಿಯಾದರೂ ಸರಿ, ಬಿಲ್ ಮಾಡಿ. ನಿಮ್ಮ ಆ ದೀಪಾವಳಿ ಕೇಸ್‌ನಂಥದ್ದು ಮತ್ತೆ ಆದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.


ಆಳಂದದ ಕೋಡರ್:

ಎಲ್ಲ ಓದಿದ ಮೇಲೆ ನನ್ನ ಮಾತು ಸ್ವಲ್ಪ ಬದಲಿಸುತ್ತೇನೆ. ವೆಬ್‌ಸೈಟ್ ಮುಗಿಯುವವರೆಗೆ ಕಾಯಬೇಡಿ. ಬಹುತೇಕ ಗೇಟ್‌ವೇಗಳಲ್ಲಿ ಪೇಮೆಂಟ್ ಲಿಂಕ್ ಇದೆ. ಡ್ಯಾಶ್‌ಬೋರ್ಡಿನಲ್ಲಿ ಮೊತ್ತ ಹಾಕಿ, ಲಿಂಕ್ ತಗೊಂಡು ವಾಟ್ಸಾಪ್‌ನಲ್ಲಿ ಕಳಿಸಿ. ಗಿರಾಕಿ ಕಟ್ಟಿದರೆ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ "ಪೇಡ್" ಅಂತ ಬರುತ್ತದೆ. ಬರಲಿಲ್ಲ ಅಂದರೆ ಪಾರ್ಸೆಲ್ ಕಟ್ಟಬೇಡಿ. ಸ್ಕ್ರೀನ್‌ಶಾಟ್ ಯಾರೂ ಕಳಿಸೋದೂ ಬೇಡ, ನೀವು ದೊಡ್ಡದು ಮಾಡಿ ಅಂಕಿ ಎಣಿಸೋದೂ ಬೇಡ. ನಿಮ್ಮ ಅರ್ಧ ಸಮಸ್ಯೆ ಇಲ್ಲೇ ಮುಗಿಯಿತು, ಕೋಡಿಂಗೇ ಬೇಕಿಲ್ಲ. ಇದು ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗೆ, ಇರಲಿ.

ಎರಡನೆಯದು, ಎರಡು ಗೇಟ್‌ವೇ ಖಾತೆ ತೆರೆದಿಡಿ. ತೆರೆಯೋಕೆ ದುಡ್ಡು ಕೇಳದವರೇ ಜಾಸ್ತಿ. 2022ರ ಡಿಸೆಂಬರ್‌ನಲ್ಲಿ ಆರ್‌ಬಿಐ, ಅಂತಿಮ ಲೈಸೆನ್ಸ್ ಬರುವವರೆಗೆ ಹೊಸ ವ್ಯಾಪಾರಿಗಳನ್ನು ಸೇರಿಸಬೇಡಿ ಅಂತ ರೇಜರ್‌ಪೇ, ಕ್ಯಾಶ್‌ಫ್ರೀಗೆ ಹೇಳಿತ್ತು. ಅದು ತೆರವಾಗಿದ್ದು 2023ರ ಡಿಸೆಂಬರ್‌ನಲ್ಲಿ. ಮೊದಲೇ ಖಾತೆ ಇದ್ದವರಿಗೆ ಏನೂ ಆಗಲಿಲ್ಲ. "ಮುಂದಿನ ತಿಂಗಳು ನೋಡೋಣ" ಅಂದಿದ್ದ ನನ್ನ ಇಬ್ಬರು ಗಿರಾಕಿಗಳು ಬೇರೆ ಕಡೆ ಹುಡುಕಬೇಕಾಯಿತು. ಒಂದರಲ್ಲಿ ದುಡ್ಡು ನಿಂತರೆ ಇನ್ನೊಂದರಲ್ಲಿ ಲಿಂಕ್ ಕಳಿಸಬಹುದು. ಯೂನಿಫಾರ್ಮ್ ಅಣ್ಣ, ನಿಮ್ಮ ಬಳೆ ಮಾತಿಗೆ ಇದೇ ಉತ್ತರ.


ಯೂನಿಫಾರ್ಮ್ ಅಂಗಡಿ:

ಬಳೆ ಬಿಡಿಸಿಕೊಂಡು ಬಂದಿದ್ದೇನೆ. ಈಗ ನನ್ನದೂ ಎರಡು ಖಾತೆ.


ಬ್ರಹ್ಮಪುರ ರೊಟ್ಟಿ:

ಐದು ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ.

ಮೂರೂ ಕಂಪನಿಗೆ ಒಂದೇ ಮೇಲ್ ಹಾಕಿದೆ. ಯುಪಿಐಗೆ ಎಷ್ಟು, ಎಷ್ಟು ದಿನಕ್ಕೆ ಸೆಟಲ್‌ಮೆಂಟ್, ತಡೆದರೆ ಯಾರನ್ನು ಕೇಳಬೇಕು. 1.75 ಅಂದವರು ಯುಪಿಐ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ, ಮತ್ತೆ ಫೋನ್ ಮಾಡಿ ಸರ್ ಅಂದರು. ಇನ್ನೊಬ್ಬರು ಯುಪಿಐಗೂ 2 ಪರ್ಸೆಂಟ್ ಅಂತ ಬರೆದು ಕಳಿಸಿದರು, ಪ್ರಾಮಾಣಿಕರು ಪಾಪ. 1.95ರವರು ಯುಪಿಐಗೆ ಏನೂ ಇಲ್ಲ, ಬದಲಿಸಿದರೆ 30 ದಿನ ಮೊದಲು ತಿಳಿಸುತ್ತೇವೆ ಅಂತ ಬರೆದರು. ಶನಿವಾರ ಮೂರು ಗಂಟೆಗೆ ಫೋನ್ ಮಾಡಿದೆ. ಎರಡನೇ ರಿಂಗಿಗೆ ಒಬ್ಬ ಹೆಣ್ಣುಮಗಳು ಎತ್ತಿದಳು, ಕನ್ನಡದವಳೇ. ಅಲ್ಲೇ ನಿರ್ಧಾರ ಆಯಿತು.

ಜಿಎಸ್‌ಟಿ ನಂಬರ್ ಬಂತು, ಕರೆಂಟ್ ಖಾತೆ ಆಯಿತು. ಎಫ್‌ಎಸ್‌ಎಸ್‌ಎಐ (ತಿನ್ನುವ ಸಾಮಾನು ಮಾರೋಕೆ ಬೇಕಾದ ನೋಂದಣಿ) ಕೂಡ ಕೇಳಿದರು, ಅದು ಮೊದಲೇ ಇತ್ತು. ಆದರೆ ಕೆವೈಸಿ ಎರಡು ಸಲ ವಾಪಸ್ ಬಂತು. ಯಾಕೆ ಗೊತ್ತಾ? ಅವ್ವನ ಆಧಾರ್‌ನಲ್ಲಿ ಗುಲ್ಬರ್ಗಾ, ಜಿಎಸ್‌ಟಿಯಲ್ಲಿ ಕಲಬುರಗಿ, ಬ್ಯಾಂಕಿನವರು ಕಲ್ಬುರ್ಗಿ ಅಂತ ಬರೆದಿದ್ದರು. ಊರಿನ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಆ ಕಂಪ್ಯೂಟರಿಗೆ ಇದು ಮೂರು ಊರು. ಆಧಾರ್ ವಿಳಾಸ ಸರಿ ಮಾಡಿಸಿ, ಬ್ಯಾಂಕಿನಲ್ಲಿ ಒಂದು ಪತ್ರ ತಗೊಂಡು ಕಳಿಸಿದ ಮೇಲೆ ಪಾಸಾಯಿತು. ಹೊಸದಾಗಿ ಮಾಡಿಸುವವರು ಮೊದಲು ಇದನ್ನು ನೋಡಿಕೊಳ್ಳಿ.

ಈಗ ಹದಿನಾರು ದಿನದಿಂದ ಲಿಂಕ್ ಕಳಿಸುತ್ತಿದ್ದೇನೆ. ನಾಲ್ಕೈದು ಹಳೇ ಗಿರಾಕಿಗಳು, ವಯಸ್ಸಾದವರು, "ಲಿಂಕ್ ಒತ್ತಬಾರದು ಅಂತ ಮಗ ಹೇಳಿದ್ದಾನೆ" ಅಂದರು. ಅವರ ಮಗ ಹೇಳಿದ್ದೂ ಸರಿಯೇ. ಅವರಿಗೆ ಕರೆಂಟ್ ಖಾತೆಯ ಕ್ಯೂಆರ್ ಕಳಿಸುತ್ತೇನೆ, ದುಡ್ಡು ಬಂದದ್ದು ಖಾತೆಯಲ್ಲಿ ನೋಡಿಯೇ ಕಟ್ಟುತ್ತೇನೆ. ಅವ್ವ ಈಗ ದಿನಾ ಸಂಜೆ "ಪೇಡ್ ಎಷ್ಟಾಯಿತು" ಅಂತ ಕೇಳುತ್ತಾರೆ. ಎಳ್ಳಮಾವಾಸ್ಯೆ ಬಗ್ಗೆ ಈಗಲೇ ಮೇಲ್ ಹಾಕಿದ್ದೇನೆ. ಆ ಹಬ್ಬ ಏನು ಅಂತ ವಾಪಸ್ ಕೇಳಿದ್ದಾರೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಣ್ಣುವ ಹಬ್ಬ ಅಂತ ಬರೆದು ಕಳಿಸಿದೆ.

ಎರಡನೇ ಗೇಟ್‌ವೇ ಇನ್ನೂ ಆಗಿಲ್ಲ. ಅವರು ಅಂಗಡಿ ಬೋರ್ಡಿನ ಫೋಟೋ ಕೇಳುತ್ತಿದ್ದಾರೆ. ನಮ್ಮದು ಮನೆ, ಬೋರ್ಡೇ ಇಲ್ಲ. ಪೇಂಟರ್ ಶುಕ್ರವಾರ ಬರುತ್ತೇನೆ ಅಂದಿದ್ದಾನೆ.


ಯಾದಗಿರಿ ಮೊಬೈಲ್ಸ್:

ಫೋಟೋ ತೆಗೆಯುವಾಗ ಬಾಗಿಲು ತೆರೆದಿರಲಿ, ಒಳಗೆ ಸಾಮಾನು ಕಾಣಬೇಕು. ಷಟರ್ ಹಾಕಿದ ಫೋಟೋ ಕಳಿಸಿದ್ದಕ್ಕೆ ನಮ್ಮದು ವಾಪಸ್ ಬಂದಿತ್ತು. ಮತ್ತೆ ಪೇಂಟರ್‌ಗೆ ಊರಿನ ಹೆಸರನ್ನು ಕಾಗದದ ಮೇಲೆ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ.